ಬಣ್ಣ ನೋಡಿ ಬೋಟು ಕೊಳ್ಳಬೇಡಿ

ಕಾರವಾರ: ಮಳೆಗಾಲ ಹತ್ತಿರ ಬಂತೆಂದರೆ ಮೋಜಿನ ಬೋಟುಗಳು ದಡ ಹತ್ತುತ್ತವೆ. ಅವುಗಳ ಮಾರಾಟದ ಮಾತೂ ಆಗಲೇ ಶುರು. "ಜೆಟ್ ಬೋಟು ಸಾರ್, ಒಂದೇ ಸೀಸನ್ ಓಡಿದ್ದು, ಹೊಸದರ ಅರ್ಧ ರೇಟು" ಅಂತ ದಲ್ಲಾಳಿ ಕಿವಿ ಕಚ್ಚುತ್ತಾನೆ. ನಾಲ್ಕು ಕಾಸು ಕಂಡ ಪೇಟೆಯ ವ್ಯಾಪಾರಿಗೆ ಆಸೆ ಹುಟ್ಟುತ್ತದೆ. ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕಾಳಿ ನದಿಯಲ್ಲಿ ಒಂದು ಸುತ್ತು! ಆಸೆ ತಪ್ಪಲ್ಲ. ಕೊಳ್ಳುವ ರೀತಿ ತಪ್ಪು.

ಅಕ್ಕಿ ಕೊಳ್ಳುವಾಗ ಮೂಟೆಯ ತಳದ ಕಾಳನ್ನೂ ಅಂಗೈಗೆ ಹಾಕಿ ನೋಡುವ ಈ ಮಹಾಶಯ, ಬೋಟಿನ ವಿಷಯದಲ್ಲಿ ಮಾತ್ರ ಹೊಳಪು ಬಣ್ಣಕ್ಕೆ, ಮೆತ್ತನೆ ಸೀಟಿಗೆ ಮರುಳಾಗುತ್ತಾನೆ. ಇದ್ಯಾವ ವ್ಯಾಪಾರ ಸ್ವಾಮಿ?

ಜೆಟ್ ಬೋಟು 1950ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ ತನ್ನ ನಾಡಿನ ಆಳವಿಲ್ಲದ ಹೊಳೆಗಳಿಗಾಗಿ ರೂಪಿಸಿದ್ದು. ಇದಕ್ಕೆ ಹೊರಗೆ ತಿರುಗುವ ಫ್ಯಾನಿಲ್ಲ. ತಳದ ಜಾಲರಿಯಿಂದ ನೀರು ಹೀರಿ, ಪಂಪಿನಿಂದ ಹಿಂದಕ್ಕೆ ಚಿಮ್ಮಿಸುತ್ತದೆ. ಬೋಟು ಮುಂದಕ್ಕೆ ನುಗ್ಗುತ್ತದೆ. ಮರಳುದಿಬ್ಬವಿರುವ ಅಳಿವೆಗೆ ಅನುಕೂಲವೇ.

ಆದರೆ ದಲ್ಲಾಳಿ ಹೇಳದ ಮಾತೊಂದಿದೆ. ಬಸ್ಸಿನ ಡ್ರೈವರು ಆಕ್ಸಿಲರೇಟರ್ ಬಿಟ್ಟರೂ ಸ್ಟೀರಿಂಗ್ ಮಾತು ಕೇಳುತ್ತದೆ. ಜೆಟ್ ಬೋಟು ಹಾಗಲ್ಲ. ಅದನ್ನು ತಿರುಗಿಸೋದೂ ಹಿಂದಕ್ಕೆ ಚಿಮ್ಮುವ ಅದೇ ನೀರು. ಎದುರಿಗೆ ಮೀನು ದೋಣಿ ಕಂಡು ಗಾಬರಿಯಿಂದ ಥ್ರಾಟಲ್ ಬಿಟ್ಟರೆ ನೀರೂ ನಿಂತಿತು, ಸ್ಟೀರಿಂಗೂ ಸತ್ತಿತು. ಬೋಟು ಮಾತ್ರ ನೆಟ್ಟಗೆ ಹೋಗಿ ಗುದ್ದುತ್ತದೆ. ಇದನ್ನು ಕಲಿಯದವನ ಕೈಗೆ ಮಕ್ಕಳನ್ನು ಕೊಡೋದುಂಟೆ?

ಹಳೇ ಬೋಟಿನ ರೋಗವೂ ತಳದಲ್ಲೇ. ಪಂಪಿನೊಳಗೆ ಹೊಕ್ಕ ಮರಳು ಇಂಪೆಲರ್ ಎಂಬ ಒಳಚಕ್ರದ ಅಂಚನ್ನು ತಿನ್ನುತ್ತದೆ. ಸುತ್ತಲಿನ ಸಂದು ಅಗಲವಾದರೆ ಎಂಜಿನ್ ಅರಚುತ್ತದೆ, ಬೋಟು ಎಳೆಯೋದಿಲ್ಲ. ಓಡಿಸಿದ ಮೇಲೆ ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ಅಲ್ಯೂಮಿನಿಯಂ ಭಾಗಗಳನ್ನು ಮೆಲ್ಲುತ್ತದೆ. ಬಿಳಿ ಪುಡಿ, ಸಣ್ಣ ಗುಳಿ ಕಂಡರೆ ಅದೇ ಗುರುತು. ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ ಅಂತಲೇ ಅರ್ಥ. ಇನ್ನು ದಡದಲ್ಲಿ ಎರಡು ಕ್ಷಣ ಎಂಜಿನ್ ಗುರ್ ಅನ್ನಿಸಿದರೆ ಅದು ಪರೀಕ್ಷೆಯಲ್ಲ. "ಮಳೆ ಕಳೆಯಲಿ, ನೀರಿಗಿಳಿಸಿ, ಜನ ಕೂರಿಸಿ ನೋಡೋಣ" ಅನ್ನಿ. ಒಪ್ಪದವನ ಬೋಟು ಬೇಡವೇ ಬೇಡ.

ಫ್ಯಾನಿಲ್ಲ ಅಂತ ಹೆಂಗಸರು ಮಕ್ಕಳು ನಿಶ್ಚಿಂತೆಯಿಂದಿರುವಂತೆಯೂ ಇಲ್ಲ. ನೀರು ಹೀರುವ ಜಾಲರಿ ಹಗ್ಗ, ಉದ್ದ ಕೂದಲು, ಸೀರೆ ಸೆರಗನ್ನೂ ಎಳೆದೀತು. ಯಾರಾದರೂ ನೀರಿನಲ್ಲಿದ್ದರೆ ಮೊದಲು ಎಂಜಿನ್ ಆರಬೇಕು.

ನೀರಿನ ಮೇಲಿನ ಉಡಾಫೆಯ ಬೆಲೆ ಕಾರವಾರಕ್ಕೆ ಗೊತ್ತಿಲ್ಲವೆ? 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅದು ಜೆಟ್ ಬೋಟಲ್ಲ ನಿಜ. ಆದರೆ ದೇವರಿಗೆ ಕೈ ಮುಗಿದು ಬರುತ್ತಿದ್ದವರಲ್ಲಿ ಸಂಸಾರಸಮೇತ ಹೊರಟವರೂ, ಮಕ್ಕಳೂ ಇದ್ದರು. ಸಮುದ್ರ ಬೋಟಿನ ಜಾತಿ ಕೇಳೋದಿಲ್ಲ.

ಒಳನಾಡು ನೀರಿನಲ್ಲಿ ಓಡುವ ಯಂತ್ರದ ಬೋಟಿಗೆ ತಪಾಸಣೆ, ನೋಂದಣಿ, ವಿಮೆ ಬೇಕೆಂದು 2021ರಲ್ಲೇ ಕೇಂದ್ರ ಕಾಯಿದೆ ಬಂದಿದೆ. ಕಾಯಿದೆ ಕಪಾಟಿನಲ್ಲಿ ಕೂತರೆ ಯಾರಿಗೇನು ಬಂತು? ಬೋಟು ಕೈ ಬದಲಾದಾಗಲೆಲ್ಲ ಅಧಿಕಾರಿಗಳು ದಡಕ್ಕೆ ಬಂದು ಮತ್ತೆ ತಪಾಸಣೆ ಮಾಡಲಿ. ಬಸ್ಸಿನಲ್ಲಿ ಆಸನಗಳ ಸಂಖ್ಯೆ ಬರೆದಂತೆ, ಎಷ್ಟು ಜನ ಹತ್ತಬಹುದೆಂದು ಬೋಟಿನ ಪಕ್ಕದಲ್ಲೂ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಲಿ.

ಕೊಳ್ಳುವವರೂ ಸೆಕೆಂಡ್ ಹ್ಯಾಂಡ್ ಸ್ಕೂಟರಿಗೆ ಕಾಗದ ಕೇಳುವಷ್ಟಾದರೂ ಗಟ್ಟಿಯಾಗಿ ಬೋಟಿಗೂ ಕೇಳಲಿ. ತಲೆಗೊಂದು ಲೈಫ್ ಜಾಕೆಟ್, ಮಕ್ಕಳಿಗೆ ಮಕ್ಕಳ ಅಳತೆಯದು. ಆ ದುಡ್ಡಿಗೂ ಚೌಕಾಶಿ ಮಾಡುವವರು ಭಾನುವಾರ ಕಡಲ ದಂಡೆಯಲ್ಲೇ ಕೂತು ಮಕ್ಕಳಿಗೆ ಕಡಲೆಕಾಯಿ ಕೊಡಿಸೋದು ಲೇಸು.