ದಂಡ ಬೀಳಬೇಕಾದದ್ದು ಯಾರಿಗೆ?

ಕಲಬುರಗಿಯ ಸಾರ್ವಜನಿಕ ಉದ್ಯಾನಕ್ಕೆ ಬೆಳಗಿನ ನಡಿಗೆಗೆ ಬರುವ ನನ್ನಂಥ ನಿವೃತ್ತರಲ್ಲಿ ಈಚೆಗೆ ಒಂದು ಅಭಿಪ್ರಾಯ ಬಲವಾಗಿದೆ. ಕಾಗದಪತ್ರವಿಲ್ಲದ ಬಾಂಗ್ಲಾದೇಶೀಯರನ್ನು ಕೆಲಸಕ್ಕಿಟ್ಟುಕೊಳ್ಳುವ ಗುತ್ತೇದಾರನಿಗೆ ಲಕ್ಷಗಟ್ಟಲೆ ದಂಡ ವಿಧಿಸಿದರೆ ಅವರು ಬರುವುದೇ ನಿಲ್ಲುತ್ತದೆ ಎಂಬುದು.

ಇದರಲ್ಲಿ ಅರ್ಧವನ್ನು ಒಪ್ಪುತ್ತೇನೆ. ಅಗ್ಗದ ದುಡಿಮೆಯ ಲಾಭ ಉಂಡವನೇ ಉತ್ತರ ಕೊಡಬೇಕು. ಉಳಿದರ್ಧವನ್ನು ಒಪ್ಪಲಾರೆ. ಯಾರು ವಿದೇಶೀಯನೆಂದು ಮೇಸ್ತ್ರಿ ತೀರ್ಮಾನಿಸುವುದಾದರೂ ಹೇಗೆ? ಮುಖ ನೋಡಿ, ಹೆಸರು ಕೇಳಿ, ಮಾತಿನ ಧಾಟಿ ಆಲಿಸಿ ತಾನೆ? ಆ ಪರೀಕ್ಷೆಯಲ್ಲಿ ಮೊದಲು ನಪಾಸಾಗುವವನು ಢಾಕಾದವನಲ್ಲ, ದಖನಿ ಮಾತನಾಡುವ ನಮ್ಮ ಕಮಲಾಪುರದವನು.

ಇದು ಊಹೆಯಲ್ಲ. 2020ರ ಜನವರಿ 19ರಂದು ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ, ಅಕ್ರಮ ಬಾಂಗ್ಲಾದೇಶೀಯರ ನೆಲೆಯೆಂಬ ಆಪಾದನೆಯ ಮೇಲೆ, ಕೂಲಿಕಾರರ ಜೋಪಡಿಗಳನ್ನು ನೆಲಸಮ ಮಾಡಲಾಯಿತು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರೊಂದಿಗೆ ಉತ್ತರ ಕರ್ನಾಟಕದವರೂ ಇದ್ದರು. ಕರ್ನಾಟಕದ ರಾಜಧಾನಿಯಲ್ಲಿ ಕನ್ನಡಿಗನೇ ತಾನು ಪರದೇಶಿಯಲ್ಲವೆಂದು ರುಜುವಾತು ಮಾಡಬೇಕಾಯಿತು! ಆ ಕಾರ್ಯಾಚರಣೆ ಕಾನೂನುಬಾಹಿರವೆಂದು ಹೈಕೋರ್ಟ್ ಮರುತಿಂಗಳೇ ಹೇಳಿತು. ಆದರೆ ಅವರನ್ನು ದುಡಿಸಿಕೊಂಡವರ ಬಾಗಿಲಿಗೆ ಜೆಸಿಬಿ ಹೋಗಲಿಲ್ಲ.

ಅಮೆರಿಕ 1986ರಲ್ಲಿಯೇ ಮಾಲೀಕರಿಗೆ ದಂಡ ವಿಧಿಸುವ ಕಾನೂನು ತಂದಿತು. ‘ಗೊತ್ತಿದ್ದೂ’ ಅನಧಿಕೃತರನ್ನು ನೇಮಿಸಿಕೊಂಡರೆ ಅಪರಾಧ. ವ್ಯಾಕರಣ ಕಲಿಸಿದವನಿಗೆ ಅಂಥ ಒಂದು ಪದದ ಶಕ್ತಿ ತಿಳಿದಿರುತ್ತದೆ. ಆಳುಗಳನ್ನು ಒಳಗುತ್ತಿಗೆದಾರನ ಲೆಕ್ಕಕ್ಕೆ ಬರೆದರಾಯಿತು, ದೊಡ್ಡ ಮಾಲೀಕನಿಗೆ ಏನೂ ‘ಗೊತ್ತಿಲ್ಲ’. 1990ರಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯೇ, ದಂಡದ ಭಯದಿಂದ ಮಾಲೀಕರು ವಿದೇಶೀಯರಂತೆ ತೋರುವ ಅರ್ಹರನ್ನೂ ದೂರವಿಡುತ್ತಿದ್ದಾರೆಂದು ವರದಿ ಮಾಡಿತು.

ನಮ್ಮಲ್ಲಿ ಮಾಲೀಕನನ್ನು ಹಿಡಿಯುವ ಕಾನೂನು ಇರಲಿಲ್ಲವೆ? ಇತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯಂತೆ ಗುತ್ತೇದಾರನು ಪರವಾನಗಿ ಪಡೆದು, ಪ್ರತಿ ಆಳಿಗೂ ಭಾವಚಿತ್ರವಿರುವ ಪಾಸ್‌ಬುಕ್ ಕೊಡಬೇಕಿತ್ತು. ತಪ್ಪಿದರೆ ಒಂದು ವರ್ಷದವರೆಗೆ ಸೆರೆ ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ಸಾವಿರ ರೂಪಾಯಿ ಗುತ್ತೇದಾರನ ಒಂದು ಹೊತ್ತಿನ ಹೋಟೆಲ್ ಬಿಲ್ಲಿಗೂ ಸಾಲದು! ಅದೂ ಕಮಲಾಪುರದಿಂದ ಪುಣೆಗೆ ಹೋದವನಿಗೆ ಮಾತ್ರ. ಬೆಂಗಳೂರಿಗೆ ಹೋದವನು ರಾಜ್ಯದ ಗಡಿ ದಾಟಲಿಲ್ಲವಾದ್ದರಿಂದ ಅವನಿಗೆ ಅನ್ವಯಿಸುತ್ತಿರಲಿಲ್ಲ. 2025ರ ನವೆಂಬರಿನಲ್ಲಿ ಅದು ಹೊಸ ಕಾರ್ಮಿಕ ಸಂಹಿತೆಯಲ್ಲಿ ಲೀನವಾಯಿತು. ಅದೇ ವರ್ಷದ ವಲಸೆ ಮತ್ತು ವಿದೇಶೀಯರ ಕಾಯಿದೆಯಲ್ಲಾದರೋ, ಪಾಸ್‌ಪೋರ್ಟ್ ಇಲ್ಲದೆ ಒಳಬಂದವನಿಗೆ 5 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ಇಷ್ಟು ವರ್ಷ ತಕ್ಕಡಿ ಎತ್ತ ವಾಲಿತ್ತೆಂಬುದನ್ನು ಓದುಗರೇ ನೋಡಲಿ.

ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಪತ್ರವಿದೆ. ಅಲ್ಲಿಂದ ಗುಳೆ ಹೋದ ಮನುಷ್ಯನು ದುಡಿದದ್ದಕ್ಕೆ ಒಂದು ಚೀಟಿಯೂ ಇರುವುದಿಲ್ಲ. ಸುಗ್ಗಿ ಮುಗಿದೊಡನೆ ತಂದೆತಾಯಿಯೊಡನೆ ಹೊರಟುಹೋದ ಮಕ್ಕಳ ಹೆಸರಿನ ಮುಂದೆ ತಿಂಗಳುಗಟ್ಟಲೆ ‘ಗೈರು’ ಎಂದು ಬರೆದವನು ನಾನು. ಮಗುವಿನ ಗೈರಿಗಾದರೂ ಒಂದು ಪುಸ್ತಕವಿತ್ತು. ತಂದೆಯ ಹಾಜರಿಗೆ ಎಲ್ಲಿಯೂ ಇರಲಿಲ್ಲ. ಅವನು ಕಟ್ಟಡದಿಂದ ಬಿದ್ದು ಸತ್ತರೆ, ಅಲ್ಲಿ ಕೆಲಸ ಮಾಡುತ್ತಿದ್ದನೆಂಬುದಕ್ಕೇ ಸಾಕ್ಷಿಯಿಲ್ಲ.

ಆದುದರಿಂದ ದಂಡ ಬೀಳಲಿ, ಭಾರಿಯಾಗಿಯೇ ಬೀಳಲಿ. ಹಾಜರಿ ಪುಸ್ತಕ ಇಡದ, ಕನಿಷ್ಠ ಕೂಲಿ ಕೊಡದ ಮಾಲೀಕನಿಗೆ ತಲೆಗಿಷ್ಟೆಂದು ಬೀಳಲಿ; ಒಳಗುತ್ತಿಗೆಯ ನೆಪ ಕೇಳದೆ ಮೇಲಿನ ಕಂಪನಿಯಿಂದಲೇ ವಸೂಲಾಗಲಿ; ಆಳು ಯಾವ ಊರಿನವನೇ ಆಗಿರಲಿ, ಬಾಕಿ ಕೂಲಿ ಮೊದಲು ಅವನ ಕೈಸೇರಲಿ. ಕದ್ದು ದುಡಿಸಿಕೊಳ್ಳುವುದರಲ್ಲಿ ಲಾಭವಿಲ್ಲವೆಂದಾದ ಮೇಲೆ ಯಾವ ಗುತ್ತೇದಾರ ಗಡಿಯಾಚೆಯಿಂದ ಆಳು ತರಿಸುತ್ತಾನೆ?