ಇಂಗ್ಲಿಷಿಗೂ ಒಂದು ವೈವಾ ಇರಲಿ

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ತರಬೇತಿ ನಡೆಯಿತು. ಎಂಟು ಮಂದಿಯನ್ನು ದುಂಡಗೆ ಕೂರಿಸಿ ಗ್ರೂಪ್ ಡಿಸ್ಕಷನ್ ಮಾಡಿಸಿದರು. ವಿಷಯ ಎಲೆಕ್ಟ್ರಿಕ್ ವಾಹನಗಳು. ನಾನು ಓದುತ್ತಿರುವುದು ಎಲೆಕ್ಟ್ರಿಕಲ್, ಐದನೇ ಸೆಮಿಸ್ಟರ್. ಹಿಂದಿನ ಸೆಮಿಸ್ಟರಿನಲ್ಲಿ ಬ್ಯಾಟರಿ ಚಾರ್ಜಿಂಗ್ ಮೇಲೆಯೇ ಸಣ್ಣದೊಂದು ಪ್ರಾಜೆಕ್ಟ್ ಮಾಡಿದ್ದೆ. ಆ ವೃತ್ತದಲ್ಲಿ ಆ ವಿಷಯ ನನಗಿಂತ ಚೆನ್ನಾಗಿ ಗೊತ್ತಿದ್ದವರು ಬಹುಶಃ ಯಾರೂ ಇರಲಿಲ್ಲ. ಹದಿನೈದು ನಿಮಿಷದಲ್ಲಿ ನಾನು ಆಡಿದ್ದು ಒಂದೇ ವಾಕ್ಯ: 'ಐ ಅಗ್ರೀ ವಿತ್ ಹಿಮ್.' ಹಾಗೆ ನಾನು ಒಪ್ಪಿಕೊಂಡ ಆ 'ಹಿಮ್' ನಮ್ಮ ತರಗತಿಯ ಹುಡುಗಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾತು ಅಲ್ಲಿಗೇ ಮುಗಿಯಿತು.

ಆ ರಾತ್ರಿ ಹಾಸ್ಟೆಲಿನಲ್ಲಿ ಹಳೆಯ ಮಾರ್ಕ್ಸ್ ಕಾರ್ಡ್ ತೆಗೆದು ನೋಡಿದೆ. ಮೊದಲ ಸೆಮಿಸ್ಟರಿನ 'ಕಮ್ಯುನಿಕೇಟಿವ್ ಇಂಗ್ಲಿಷ್' ಪರೀಕ್ಷೆಯಲ್ಲಿ ನನಗೆ 50ಕ್ಕೆ 45. ಗಣಿತದಲ್ಲೂ ಅಷ್ಟು ಬಂದಿರಲಿಲ್ಲ.

ಇದು ಹೇಗೆ ಸಾಧ್ಯ ಎಂದು ವಿಟಿಯು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಮ್ಮ 2022ರ ಸ್ಕೀಮ್‌ನಲ್ಲಿ ಇಂಗ್ಲಿಷಿಗೆ ಒಂದು ಕ್ರೆಡಿಟ್, ವಾರಕ್ಕೆ ಒಂದು ಗಂಟೆ. ಇಡೀ ಸೆಮಿಸ್ಟರಿಗೆ 15 ಗಂಟೆ. ಕೊನೆಯಲ್ಲಿ 50 ಬಹುಆಯ್ಕೆ ಪ್ರಶ್ನೆಗಳ ಒಂದು ಗಂಟೆಯ ಪರೀಕ್ಷೆ. ಓಎಂಆರ್ ಹಾಳೆಯಲ್ಲಿ ಗುಂಡಿ ತುಂಬಿದರೆ ಮುಗಿಯಿತು. ಎರಡನೇ ಸೆಮಿಸ್ಟರಿನಲ್ಲಿ 'ಪ್ರೊಫೆಷನಲ್ ರೈಟಿಂಗ್ ಸ್ಕಿಲ್ಸ್' ಎಂದು ಇನ್ನೊಂದು ಕೋರ್ಸ್ ಇದೆ, ಹೆಸರೇ ಹೇಳುವಂತೆ ಬರವಣಿಗೆಯದ್ದು. ಅದರ ಅಂತಿಮ ಪರೀಕ್ಷೆಯಲ್ಲೂ ಇದೇ ಗುಂಡಿ. ಒಂದು ಪೂರ್ಣ ವಾಕ್ಯ ಬರೆಯದೆಯೇ ನಾನು ವೃತ್ತಿಪರ ಬರಹಗಾರನಾಗಿ ಪಾಸಾದೆ.

ಪಠ್ಯಕ್ರಮ ಕೆಟ್ಟದ್ದೇನಲ್ಲ. ಮೌಖಿಕ ಪ್ರಸ್ತುತಿ, ಆಶುಭಾಷಣ, ಆಲಿಸುವಿಕೆ, ಲ್ಯಾಂಗ್ವೇಜ್ ಲ್ಯಾಬ್ ಎಲ್ಲವೂ ಅದರಲ್ಲಿವೆ. ಆದರೆ ನಾವು ವಿದ್ಯಾರ್ಥಿಗಳು ಪಠ್ಯಕ್ರಮ ಓದುವವರಲ್ಲ, ಪ್ರಶ್ನೆಪತ್ರಿಕೆ ಓದುವವರು. ಪರೀಕ್ಷೆಯಲ್ಲಿ ಏನು ಬರುತ್ತದೋ ಅದೇ ನಮಗೆ ವಿಷಯ. ಹಾಗಾಗಿ ಸೀನಿಯರ್‌ಗಳು ಕೊಟ್ಟ ಪಿಡಿಎಫ್ ಎರಡು ರಾತ್ರಿ ತಿರುವಿ ಹಾಕಿ ಹೋದೆವು. 'ಡೌಟ್' ಎಂದು ಬರೆಯುವಾಗ ಬಿ ಅಕ್ಷರ ಮೌನ ಎಂದು ನನಗೆ ಚೆನ್ನಾಗಿ ಗೊತ್ತು. ತರಗತಿಯಲ್ಲಿ ಡೌಟ್ ಕೇಳಲು ಎದ್ದು ನಿಂತಾಗ ಮೌನವಾಗುವುದು ಬಿ ಅಲ್ಲ, ನಾನು.

ನಾನು ಹತ್ತನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಒಂದನೇ ತರಗತಿಯಿಂದಲೂ ಇಂಗ್ಲಿಷ್ ಒಂದು ವಿಷಯವಾಗಿ ಇತ್ತು. ಪದ್ಯ ಬಾಯಿಪಾಠ, ಪ್ರಶ್ನೋತ್ತರ, ಪತ್ರಲೇಖನ. ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನ ಬಲ ಫೋರ್ಸ್ ಆಯಿತು, ವೇಗೋತ್ಕರ್ಷ ಆಕ್ಸಿಲರೇಷನ್ ಆಯಿತು. ಮೂರು ತಿಂಗಳು ತಲೆ ಕೆಟ್ಟಿತ್ತು, ಆಮೇಲೆ ಓದಿ ಬರೆಯುವುದು ಅಭ್ಯಾಸವಾಯಿತು. ಅಂದರೆ ಓದಲು ಬರುತ್ತದೆ, ಕೇಳಿದರೆ ಅರ್ಥವಾಗುತ್ತದೆ, ಬರೆಯುವುದೂ ಹೇಗೋ ನಡೆಯುತ್ತದೆ. ಮಾತಾಡಿ ಎಂದು ಮಾತ್ರ ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಮೊದಲು ಕೇಳಿದ್ದು ಆ ಗ್ರೂಪ್ ಡಿಸ್ಕಷನ್‌ನಲ್ಲಿ.

ನನ್ನ ಕಥೆಗಿಂತ ನನ್ನ ಗೆಳೆಯನದ್ದು ಕಷ್ಟದ್ದು. ಅವನು ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಮೂರನೇ ಸೆಮಿಸ್ಟರಿಗೆ ಬಂದವನು. ಮೊದಲ ವರ್ಷದ ಈ ಗುಂಡಿ ತುಂಬುವ ಇಂಗ್ಲಿಷ್ ಕೂಡ ಅವನಿಗೆ ಸಿಗಲಿಲ್ಲ. ಮಷೀನ್ಸ್ ಲ್ಯಾಬ್‌ನಲ್ಲಿ ಯಾವ ತಂಡದ ಕನೆಕ್ಷನ್ ತಪ್ಪಿದರೂ ಕರೆಯುವುದು ಅವನನ್ನೇ. ಕಳೆದ ವಾರ ಒಂದು ಕಂಪನಿಯ ಇಂಟರ್ನ್‌ಶಿಪ್ ಸಂದರ್ಶನಕ್ಕೆ ಹೋಗಿ ಬಂದ. ತಾಂತ್ರಿಕ ಪ್ರಶ್ನೆಗೆ ಮುಂಚೆ 'ನಿಮ್ಮ ಬಗ್ಗೆ ಹೇಳಿ' ಎಂದರಂತೆ. ಹೆಸರು, ಊರು, ಅಪ್ಪನ ಕೆಲಸ ಹೇಳಿ ನಿಂತುಬಿಟ್ಟನಂತೆ. ಮೋಟಾರಿನ ಮಾತು ಬರಲೇ ಇಲ್ಲ.

ನಮ್ಮ ಪಠ್ಯಕ್ರಮದಲ್ಲಿ 'ಮದರ್ ಟಂಗ್ ಇನ್‌ಫ್ಲುಯೆನ್ಸ್' ಅಂದರೆ ಮಾತೃಭಾಷೆಯ ಪ್ರಭಾವ, ಮತ್ತು ಅದನ್ನು ತಟಸ್ಥಗೊಳಿಸುವ ತಂತ್ರಗಳು ಎಂಬ ಭಾಗವೂ ಇದೆ. ನಾವು ಬಸ್ಸು, ಕಾರು, ಬುಕ್ಕು ಎಂದು ಕೊನೆಗೊಂದು ಉಕಾರ ಸೇರಿಸುತ್ತೇವಲ್ಲ, ಅಂಥದ್ದು. ಅದನ್ನು ತಿದ್ದಿಕೊಳ್ಳಬಾರದೆಂದಲ್ಲ. ಆದರೆ ತಿದ್ದಬೇಕಾದರೆ ಮೊದಲು ಬಾಯಿ ತೆರೆಯಬೇಕು. ಬಾಯಿಯೇ ತೆರೆಯದವನ ಉಕಾರವನ್ನು ಯಾರು ತಿದ್ದುತ್ತಾರೆ?

ನನ್ನ ಬೇಡಿಕೆ ಚಿಕ್ಕದು. ನಮಗೆ ಲ್ಯಾಬ್ ಪರೀಕ್ಷೆಯಲ್ಲಿ ವೈವಾ ಇದೆ. ಸರ್ಕ್ಯೂಟ್ ಸರಿ ಜೋಡಿಸಿದರೂ ಪರೀಕ್ಷಕರ ಮುಂದೆ ನಿಂತು ಯಾಕೆ ಹೀಗೆ ಎಂದು ಹೇಳಬೇಕು. ಅದೇ ವೈವಾ ಇಂಗ್ಲಿಷಿಗೆ ಯಾಕಿಲ್ಲ? ವಿದೇಶಕ್ಕೆ ಓದಲು ಹೋಗುವವರು ಬರೆಯುವ ಐಇಎಲ್‌ಟಿಎಸ್‌ನಲ್ಲಿ 11ರಿಂದ 14 ನಿಮಿಷ ಪರೀಕ್ಷಕರ ಜೊತೆ ಮಾತಾಡಲೇಬೇಕು. ಅದರ ಎರಡನೇ ಭಾಗದಲ್ಲಿ ಒಂದು ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತಾಡಿಸುತ್ತಾರೆ. ನಮಗೆ ಹದಿನಾಲ್ಕು ನಿಮಿಷ ಬೇಡ, ಐದು ಸಾಕು. ಅರವತ್ತು ಜನರ ತರಗತಿಯನ್ನು ಇಪ್ಪತ್ತರ ಮೂರು ಬ್ಯಾಚ್ ಮಾಡಿದರೆ ಒಂದು ಬ್ಯಾಚಿಗೆ ನೂರು ನಿಮಿಷ, ಅಂದರೆ ಒಂದು ಲ್ಯಾಬಿನ ಅವಧಿಗಿಂತ ಕಡಿಮೆ. ಇಂಟರ್ನಲ್ ಅಂಕಗಳಲ್ಲಿ ಹತ್ತು ಇದಕ್ಕೆ ಮೀಸಲಿಟ್ಟರೂ ಸಾಕು, ನಾವು ಸೀನಿಯರ್‌ಗಳ ಪಿಡಿಎಫ್ ಬಿಟ್ಟು ಕನ್ನಡಿಯ ಮುಂದೆ ನಿಲ್ಲುತ್ತೇವೆ.

ಹಳ್ಳಿಯಿಂದ ಬಂದವರಿಗೆ ಇದು ಹೊರೆ, ಹೆದರಿ ಫೇಲಾಗುತ್ತಾರೆ ಎಂದು ಕೆಲವರು ಹೇಳಬಹುದು. ನಾನೇ ಹಳ್ಳಿಯಿಂದ ಬಂದವನು. ಮೊದಲ ವರ್ಷದಲ್ಲಿ ನಮ್ಮ ಮೇಡಂ ಮುಂದೆ ತೊದಲುವುದು ವಾಸಿಯೋ, ಮೂರನೇ ವರ್ಷದಲ್ಲಿ ಕಂಪನಿಯವರ ಮುಂದೆ ತೊದಲುವುದು ವಾಸಿಯೋ? ಆ ಮೇಡಂ ಬಗ್ಗೆ ನನಗೆ ದೂರಿಲ್ಲ. ವಾರದ ಒಂದು ಗಂಟೆಯಲ್ಲಿ ಹಾಜರಿ ತೆಗೆದು, ಮಾಡ್ಯೂಲ್ ಮುಗಿಸಿ, ಅರವತ್ತು ಜನರನ್ನು ಅವರು ಮಾತಾಡಿಸುವುದಾದರೂ ಹೇಗೆ?

ಕನ್ನಡದ ಕಥೆಯೂ ಬೇರೆಯಲ್ಲ, ಅದಕ್ಕೂ ಒಂದು ಕ್ರೆಡಿಟ್, ಅದಕ್ಕೂ ಗುಂಡಿ. ಬಿಹಾರದ ನನ್ನ ರೂಮ್‌ಮೇಟ್ 'ಬಳಕೆ ಕನ್ನಡ' ಪಾಸಾಗಿ ಎರಡು ವರ್ಷವಾಯಿತು. ಇವತ್ತಿಗೂ ಆಟೋದವರ ಹತ್ತಿರ ಚೌಕಾಸಿಗೆ ನನ್ನನ್ನೇ ಮುಂದೆ ತಳ್ಳುತ್ತಾನೆ.

ವಿಶ್ವವಿದ್ಯಾಲಯ ಬದಲಾಗುವವರೆಗೆ ಕಾಯಲು ನಮಗೆ ಸಮಯವಿಲ್ಲ, ಮುಂದಿನ ವರ್ಷ ಕಂಪನಿಗಳು ಬರುತ್ತವೆ. ಆದ್ದರಿಂದ ನಾವು ಆರು ಮಂದಿ ಬುಧವಾರ ರಾತ್ರಿ ಊಟವಾದ ಮೇಲೆ ಹಾಸ್ಟೆಲಿನ ತಾರಸಿಗೆ ಹೋಗುತ್ತಿದ್ದೇವೆ. ಫೋನಿನಲ್ಲಿ ಎರಡು ನಿಮಿಷದ ಟೈಮರ್. ಮಾತು ಮುಗಿಯುವವರೆಗೆ ಯಾರೂ ತಿದ್ದುವಂತಿಲ್ಲ, ನಗುವಂತಿಲ್ಲ. ಎರಡನೆಯ ನಿಯಮ ಪಾಲಿಸುವುದು ಕಷ್ಟ. ಮೊನ್ನೆ ನನ್ನ ಗೆಳೆಯನ ಸರದಿ ಬಂತು. ಅವರ ಹೊಲದ ಪಂಪ್‌ಸೆಟ್ ಮೋಟಾರ್ ಸುಟ್ಟಾಗ ರೀವೈಂಡಿಂಗ್ ಮಾಡಿಸಿದ್ದನ್ನು ಹೇಳತೊಡಗಿದ. ಒಂದು ಫೇಸ್ ಹೋದರೆ ಏನಾಗುತ್ತದೆ, ತಂತಿ ಯಾಕೆ ಕಾಯುತ್ತದೆ, ಎಲ್ಲ ಬಂತು. ನಡುವೆ ಒಂದು ಕಡೆ ತಡವರಿಸಿ 'ವೈಂಡಿಂಗ್ ಬಿಕೇಮ್... ಕರಕಲು' ಎಂದ. ಆ ಪದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಉಳಿದ ಐವರಿಗೂ ಹೊಳೆಯಲಿಲ್ಲ. ಅವನು ನಿಲ್ಲಲಿಲ್ಲ, ಮುಂದಿನ ವಾಕ್ಯಕ್ಕೆ ಹೋದ. ಮುಗಿಸಿದಾಗ ಟೈಮರ್‌ನಲ್ಲಿ ಇನ್ನೂ ಇಪ್ಪತ್ತು ಸೆಕೆಂಡ್ ಉಳಿದಿತ್ತು.