ಮಳೆ ಬಂತು ಅಂತ ಗೊತ್ತಾದರೆ ಸಾಕಾ?

ಪ್ರಾಜೆಕ್ಟ್ ಎಕ್ಸಿಬಿಷನ್ ದಿನ ಯಾವ ಬ್ರಾಂಚಿನ ಕಾರಿಡಾರ್‌ಗೆ ಹೋದರೂ ಒಂದು ಟೇಬಲ್ ಮೇಲೆ ಇದು ಇದ್ದೇ ಇರುತ್ತದೆ. ಫೋಮ್ ಶೀಟಿನಲ್ಲಿ ಮಾಡಿದ ಪುಟ್ಟ ಕಾರು, ಬಾನೆಟ್ ಮೇಲೆ ಗೆರೆ ಗೆರೆಯ ಮಳೆ ಸೆನ್ಸರ್ ಬೋರ್ಡು, ಒಳಗೆ ಆರ್ಡುಯಿನೊ, ಮುಂದೆ ಸರ್ವೋ ಮೋಟರ್‌ಗೆ ಅಂಟಿಸಿದ ಐಸ್‌ಕ್ರೀಮ್ ಕಡ್ಡಿ. ಬಾಟಲಿಯಿಂದ ನಾಲ್ಕು ಹನಿ ಚಿಮುಕಿಸಿದರೆ ಕಡ್ಡಿ ಆ ಕಡೆ ಈ ಕಡೆ ಆಡುತ್ತದೆ. "ರೇನ್ ಸೆನ್ಸಿಂಗ್ ಆಟೊಮ್ಯಾಟಿಕ್ ವೈಪರ್ ಸರ್." ಎಕ್ಸಾಮಿನರ್ ತಲೆಯಾಡಿಸಿ, "ಇದರಲ್ಲಿ ಇನೋವೇಷನ್ ಏನಪ್ಪಾ?" ಅಂತ ಕೇಳಿ ಮುಂದಿನ ಟೇಬಲ್‌ಗೆ ಹೋಗುತ್ತಾರೆ.

ಈ ಪ್ರಾಜೆಕ್ಟನ್ನು ಆಡಿಕೊಂಡು ನಗುವುದು ಸುಲಭ. "ಇನ್ನೂ ಎಷ್ಟು ವರ್ಷ ಇದನ್ನೇ ಮಾಡ್ತೀರೋ, ನಿಲ್ಲಿಸ್ರೋ" ಅನ್ನುವವರು ಪ್ರತಿ ಕ್ಲಾಸಿನಲ್ಲೂ ಇದ್ದಾರೆ. ನನ್ನ ಮಾತು ಅದಕ್ಕೆ ಉಲ್ಟಾ. ಈ ಪ್ರಾಜೆಕ್ಟ್ ಹಳೆಯದಾಗಿಲ್ಲ, ನಾವು ಅದನ್ನು ಇನ್ನೂ ಸರಿಯಾಗಿ ಶುರುವೇ ಮಾಡಿಲ್ಲ. ಯಾಕಂದ್ರೆ ನಾವು ಪರಿಹರಿಸುತ್ತಿರುವ ಪ್ರಶ್ನೆಯೇ ಬೇರೆ. ಮಳೆ ಬಂತಾ ಇಲ್ವಾ ಅನ್ನುವುದು ವೈಪರ್‌ನ ಪ್ರಶ್ನೆ ಅಲ್ಲ. ಡ್ರೈವರ್‌ಗೆ ರಸ್ತೆ ಕಾಣ್ತಿದೆಯಾ ಇಲ್ವಾ ಅನ್ನುವುದು ಪ್ರಶ್ನೆ.

ಮೊದಲು ನಮ್ಮ ಬೋರ್ಡನ್ನೇ ನೋಡೋಣ. ಅದರ ಮೇಲೆ ಒಂದಕ್ಕೊಂದು ತಾಗದ ಹಾಗೆ ಎರಡು ಬಾಚಣಿಗೆಗಳಂತೆ ತಾಮ್ರದ ಗೆರೆಗಳಿವೆ. ನೀರು ಬಿದ್ದರೆ ನಡುವೆ ಕರೆಂಟ್ ಹರಿಯುತ್ತದೆ, ರೆಸಿಸ್ಟೆನ್ಸ್ ಇಳಿಯುತ್ತದೆ. ಎಲ್‌ಎಂ393 ಕಂಪ್ಯಾರೇಟರ್ ಅದನ್ನು ಹೈ ಅಥವಾ ಲೋ ಅಂತ ಹೇಳುತ್ತದೆ. ಅನಲಾಗ್ ಪಿನ್‌ನಲ್ಲಿ ಓದಿದರೆ 0ಯಿಂದ 1023ರ ನಡುವಿನ ಒಂದು ಸಂಖ್ಯೆ ಸಿಗುತ್ತದೆ. ಇಷ್ಟರಲ್ಲೇ ಒಂದು ಮೋಸ ಇದೆ. ಲ್ಯಾಬಿನ ನಲ್ಲಿಯಲ್ಲಿ ಬರುವ ಬೋರ್‌ವೆಲ್ ನೀರಿನಲ್ಲಿ ಲವಣ ಜಾಸ್ತಿ, ಕರೆಂಟ್ ಚೆನ್ನಾಗಿ ಹರಿಯುತ್ತದೆ. ಮಳೆನೀರಿನಲ್ಲಿ ಲವಣ ತೀರಾ ಕಡಿಮೆ. ನಲ್ಲಿ ನೀರಿಗೆ ಸೆಟ್ ಮಾಡಿದ ಥ್ರೆಶೋಲ್ಡ್ ನಿಜವಾದ ಮಳೆಗೆ ಹೊಂದುವುದಿಲ್ಲ. ಮೇಲಿಂದ ಡಿಸಿ ವೋಲ್ಟೇಜ್ ಸದಾ ಆನ್ ಇದ್ದರೆ ಎಲೆಕ್ಟ್ರಾಲಿಸಿಸ್ ಆಗಿ ಗೆರೆಗಳು ತುಕ್ಕು ಹಿಡಿಯುತ್ತವೆ. ಓದುವಾಗ ಮಾತ್ರ ಪವರ್ ಕೊಟ್ಟರೆ ಬಾಳಿಕೆ ಹೆಚ್ಚುತ್ತದೆ, ಆದರೆ ಎಷ್ಟು ರಿಪೋರ್ಟ್‌ಗಳಲ್ಲಿ ಇದನ್ನು ಬರೆದಿರುತ್ತಾರೆ?

ಇವೆಲ್ಲ ಚಿಲ್ಲರೆ ದೋಷಗಳು ಅನ್ನಿ. ದೊಡ್ಡ ದೋಷ ಇನ್ನೊಂದಿದೆ. ಬೋರ್ಡು ಕೂತಿರುವುದು ಬಾನೆಟ್ ಮೇಲೆ, ವೈಪರ್ ಒರೆಸುವುದು ಗಾಜನ್ನು. ಗಾಜು ಎಷ್ಟು ಸ್ವಚ್ಛವಾದರೂ ಬೋರ್ಡಿಗೆ ಗೊತ್ತಾಗುವುದಿಲ್ಲ. ಮಳೆ ನಿಂತ ಮೇಲೂ ಬೋರ್ಡು ತಾನಾಗಿ ಒಣಗುವವರೆಗೆ ವೈಪರ್ ಒಣ ಗಾಜಿನ ಮೇಲೆ ಕಿರ್ ಕಿರ್ ಅಂತ ಉಜ್ಜುತ್ತಲೇ ಇರುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಪೇಪರ್‌ನಲ್ಲಿ ಓಪನ್ ಲೂಪ್, ಕ್ಲೋಸ್ಡ್ ಲೂಪ್ ವ್ಯತ್ಯಾಸ ಬರೆದು ಮಾರ್ಕ್ಸ್ ತಗೋತೀವಿ. ಅದೇ ಸೆಮಿಸ್ಟರ್‌ನಲ್ಲಿ ಫೀಡ್‌ಬ್ಯಾಕೇ ಇಲ್ಲದ ಓಪನ್ ಲೂಪ್ ಮಾಡಿ ಅದಕ್ಕೆ 'ಸ್ಮಾರ್ಟ್' ಅಂತ ಹೆಸರಿಡುತ್ತೀವಿ.

ಕಾರಿನಲ್ಲಿರುವ ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ ನೋಡಿ. ಅದು ಹೊರಗೆ ಇರುವುದೇ ಇಲ್ಲ. ಒಳಗಿನ ಕನ್ನಡಿಯ ಹಿಂದೆ, ವೈಪರ್ ಒರೆಸುವ ಜಾಗದಲ್ಲೇ, ಗಾಜಿಗೆ ಒಳಗಿನಿಂದ ಅಂಟಿಕೊಂಡಿರುತ್ತದೆ. ಒಂದು ಇನ್‌ಫ್ರಾರೆಡ್ ಎಲ್‌ಇಡಿ ಸುಮಾರು 45 ಡಿಗ್ರಿಯಲ್ಲಿ ಗಾಜಿನೊಳಗೆ ಬೆಳಕು ಬಿಡುತ್ತದೆ. ಪಿಯುಸಿಯಲ್ಲಿ ಓದಿದ ಪೂರ್ಣ ಆಂತರಿಕ ಪ್ರತಿಫಲನ ನೆನಪಿದೆಯಲ್ವಾ? ಗಾಜಿನ ವಕ್ರೀಭವನ ಸೂಚ್ಯಂಕ 1.52 ಅಂತಿಟ್ಟುಕೊಂಡರೆ, ಹೊರಗೆ ಗಾಳಿ ಇದ್ದಾಗ ಕ್ರಾಂತಿಕೋನ ಸುಮಾರು 41 ಡಿಗ್ರಿ. 45 ಅದಕ್ಕಿಂತ ಹೆಚ್ಚು, ಹಾಗಾಗಿ ಬೆಳಕು ಪೂರ್ತಿ ವಾಪಸ್ ಬಂದು ಫೋಟೋಡಯೋಡ್‌ಗೆ ಬೀಳುತ್ತದೆ. ಗಾಜಿನ ಹೊರಮೈ ಮೇಲೆ ಹನಿ ಕೂತರೆ ನೀರಿನ ಸೂಚ್ಯಂಕ 1.33, ಆ ಜಾಗದಲ್ಲಿ ಕ್ರಾಂತಿಕೋನ ಸುಮಾರು 61 ಡಿಗ್ರಿಗೆ ಏರುತ್ತದೆ. 45 ಈಗ ಸಾಲದು, ಬೆಳಕು ಹನಿಯ ಮೂಲಕ ಹೊರಗೆ ಸೋರಿಹೋಗುತ್ತದೆ. ಫೋಟೋಡಯೋಡ್‌ಗೆ ಬರುವ ಬೆಳಕು ಕಡಿಮೆಯಾಗುತ್ತದೆ.

ಇದರ ಚಂದ ಇರುವುದು ಮುಂದಿನ ಹೆಜ್ಜೆಯಲ್ಲಿ. ವೈಪರ್ ಒಂದು ಸಲ ಒರೆಸಿದ ತಕ್ಷಣ ಸಿಗ್ನಲ್ ಮತ್ತೆ ಮೇಲೇರುತ್ತದೆ, ಹನಿ ಬೀಳುತ್ತಾ ಬೀಳುತ್ತಾ ಇಳಿಯುತ್ತದೆ. ಎಷ್ಟು ಬೇಗ ಇಳಿಯುತ್ತದೋ ಮಳೆ ಅಷ್ಟು ಜೋರು. ಅಂದರೆ ಪ್ರತಿ ಒರೆಸುವಿಕೆಯೂ ಅಳತೆಯನ್ನು ಸೊನ್ನೆಗೆ ತರುತ್ತದೆ. ಒರೆಸಿದ ಮೇಲೂ ಸಿಗ್ನಲ್ ಏರಲಿಲ್ಲವೋ, ಬ್ಲೇಡ್ ಸವೆದಿರಬೇಕು ಅಥವಾ ಗಾಜಿನ ಮೇಲೆ ಕೆಸರಿರಬೇಕು ಅಂತಲೂ ಊಹಿಸಬಹುದು. ಇದು ಫೀಡ್‌ಬ್ಯಾಕ್.

ಆಪ್ಟಿಕಲ್ ಸೆನ್ಸರ್ ಇಲ್ಲದೆಯೂ ಫೀಡ್‌ಬ್ಯಾಕ್ ಮಾಡಿದವರಿದ್ದಾರೆ. 1970ರ ಸಿಟ್ರೊಯೆನ್ ಎಸ್‌ಎಂ ಕಾರಿನಲ್ಲಿ ವೈಪರ್ ಮೋಟರ್ ಎಳೆಯುವ ಕರೆಂಟನ್ನೇ ಅಳೆಯುತ್ತಿದ್ದರು. ಗಾಜು ಒಣಗಿದ್ದರೆ ಘರ್ಷಣೆ ಹೆಚ್ಚು, ಕರೆಂಟ್ ಹೆಚ್ಚು, ಆಗ ಮುಂದಿನ ಒರೆಸುವಿಕೆ ತಡವಾಗಿ. ಗಾಜು ಒದ್ದೆ ಇದ್ದರೆ ಕರೆಂಟ್ ಕಡಿಮೆ, ಆಗ ಬೇಗ. ಮೈಕ್ರೋಕಂಟ್ರೋಲರ್ ಕೂಡ ಇಲ್ಲದ ಕಾಲದ ಕೆಲಸ ಇದು.

ಈಗ ನೀರಿಗೂ ನೋಟಕ್ಕೂ ಇರುವ ವ್ಯತ್ಯಾಸಕ್ಕೆ ಬರೋಣ. ಗಾಜಿನ ಮೇಲೆ ನೀರು ತೆಳುವಾಗಿ ಒಂದೇ ಸಮ ಹರಡಿದರೆ ರಸ್ತೆ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ. ಅದಕ್ಕಿಂತ ಕಡಿಮೆ ನೀರು ಬಿಡಿ ಬಿಡಿ ಹನಿಗಳಾಗಿ ಕೂತರೆ ಪ್ರತಿ ಹನಿಯೂ ಒಂದೊಂದು ಪುಟ್ಟ ಲೆನ್ಸ್ ಆಗುತ್ತದೆ. ರಾತ್ರಿ ಎದುರಿನ ಲಾರಿಯ ಹೈಬೀಮ್ ಬಿದ್ದರಂತೂ ಇಡೀ ಗಾಜು ಬೆಳಕಿನ ಚುಕ್ಕಿಗಳಾಗಿ ಒಡೆದುಹೋಗುತ್ತದೆ. ವೈಪರ್ ಕೆಟ್ಟಾಗ ಗಾಜಿಗೆ ಹೊಗೆಸೊಪ್ಪು ಉಜ್ಜುವ ಹಳೆ ಡ್ರೈವರ್‌ಗಳ ಉಪಾಯದ ಹಿಂದೆ ಇರುವುದೂ ಇದೇ. ಹನಿ ಹನಿಯಾಗಿ ನಿಲ್ಲದೆ ನೀರು ಹರಡಿಕೊಳ್ಳಲಿ ಅಂತ. ಅವರಿಗೆ ನೀರಿನ ಚಿಂತೆ ಇರಲಿಲ್ಲ, ಕಾಣಿಸುವ ಚಿಂತೆ ಇತ್ತು. 'ನೀರು ಜಾಸ್ತಿ ಅಂದ್ರೆ ವೈಪರ್ ಜಾಸ್ತಿ' ಅನ್ನುವ ನಮ್ಮ ಇಫ್-ಎಲ್ಸ್‌ಗೆ ಆ ಡ್ರೈವರ್‌ನಷ್ಟೂ ತಿಳಿವಳಿಕೆ ಇಲ್ಲ.

ಇನ್ನು ಸಮಯ. ಗಂಟೆಗೆ 80 ಕಿ.ಮೀ. ಓಡುವ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಹೋಗುತ್ತದೆ. ನಮ್ಮ ಕೋಡಿನಲ್ಲಿ ಆರಾಮಾಗಿ ಹಾಕಿರುವ 2000 ಮಿಲಿಸೆಕೆಂಡ್ ಡಿಲೇ ಅಂದರೆ 44 ಮೀಟರ್ ಕುರುಡು ಓಟ. ಹೈವೇಯಲ್ಲಿ ಪಕ್ಕದ ಲಾರಿ ಗುಂಡಿಯ ನೀರನ್ನು ಎರಚಿದಾಗ ಗಾಜು ಪೂರ್ತಿ ಮುಚ್ಚುವುದಕ್ಕೆ ಕ್ಷಣ ಸಾಕು. ಶಿರಾಡಿ, ಚಾರ್ಮಾಡಿಯ ತಿರುವಿನಲ್ಲಿ 40ರ ವೇಗದಲ್ಲೇ ಇದ್ದರೂ ಎರಡು ಸೆಕೆಂಡಿಗೆ 22 ಮೀಟರ್. ರಿಪೋರ್ಟಿನ ಅಬ್‌ಸ್ಟ್ರ್ಯಾಕ್ಟ್‌ನಲ್ಲಿ 'ಅಪಘಾತ ತಪ್ಪಿಸಲು' ಅಂತ ಬರೆಯುತ್ತೀವಿ. ಹಾಗೆ ಬರೆದ ಮೇಲೆ ಹನಿ ಬಿದ್ದು ಎಷ್ಟು ಮಿಲಿಸೆಕೆಂಡಿಗೆ ವೈಪರ್ ಅಲುಗಿತು ಅನ್ನುವ ಒಂದು ಅಳತೆಯಾದರೂ ಒಳಗೆ ಇರಬೇಡವಾ? ರಿಸಲ್ಟ್ಸ್ ಚಾಪ್ಟರ್‌ನಲ್ಲಿ 'ಸಿಸ್ಟಮ್ ಯಶಸ್ವಿಯಾಗಿ ಕೆಲಸ ಮಾಡಿತು' ಅನ್ನುವ ವಾಕ್ಯ ಬಿಟ್ಟರೆ ಕಾರಿನ ಒಂದು ಫೋಟೋ ಇರುತ್ತದೆ ಅಷ್ಟೇ.

ಇದಕ್ಕೆ ನಾವು ಮಾತ್ರ ಕಾರಣ ಅಲ್ಲ. "ಇನೋವೇಷನ್ ಏನು?" ಅನ್ನುವ ಪ್ರಶ್ನೆಯೂ ಕಾರಣ. ಆ ಪ್ರಶ್ನೆಗೆ ಹೆದರಿ ಮುಂದಿನ ಬ್ಯಾಚಿನವರು ಅದೇ ಬೋರ್ಡಿಗೆ ವೈಫೈ ಸೇರಿಸುತ್ತಾರೆ. ಅದರ ಮುಂದಿನವರು ಮೊಬೈಲ್ ಆ್ಯಪ್, ಅದರ ಮುಂದಿನವರು ಕ್ಲೌಡ್, ಈಗ ಮಷೀನ್ ಲರ್ನಿಂಗ್. ಕೆಳಗಿನ ಅಳತೆ ತಪ್ಪಾಗಿದ್ದರೆ ಕ್ಲೌಡಿಗೆ ಹೋಗುವುದೂ ತಪ್ಪೇ ತಾನೆ? ಕ್ಯಾಮೆರಾ ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಟೆಸ್ಲಾ ಕಥೆ ಓದಬೇಕು. 2016ರ ಕೊನೆಯಿಂದ ಅವರು ಪ್ರತ್ಯೇಕ ಮಳೆ ಸೆನ್ಸರ್ ಬಿಟ್ಟು ಕ್ಯಾಮೆರಾದ ಚಿತ್ರವನ್ನೇ ನಂಬಿದರು. ಬಿಸಿಲಿನಲ್ಲಿ ಸುಮ್ಮನೆ ಒರೆಸುತ್ತದೆ, ಮಳೆಯಲ್ಲಿ ಒರೆಸುವುದಿಲ್ಲ ಅಂತ ಮಾಲೀಕರ ದೂರು ವರ್ಷಗಟ್ಟಲೆ ನಡೆಯಿತು. ದೂರದ ರಸ್ತೆಗೆ ಫೋಕಸ್ ಆದ ಕ್ಯಾಮೆರಾಗೆ ಮೂಗಿನ ಮುಂದಿನ ಹನಿ ಮಸುಕು ಕಲೆ ಅಷ್ಟೇ.

ಇನೋವೇಷನ್ ಬಿಡಿಭಾಗಗಳಲ್ಲಿ ಇರುವುದಿಲ್ಲ ಅನ್ನುವುದಕ್ಕೆ ವೈಪರ್‌ನ ಚರಿತ್ರೆಯೇ ಸಾಕ್ಷಿ. ಬಿಟ್ಟು ಬಿಟ್ಟು ಒರೆಸುವ ಇಂಟರ್‌ಮಿಟೆಂಟ್ ವೈಪರ್‌ಗೆ 1964ರಲ್ಲಿ ಪೇಟೆಂಟ್ ಅರ್ಜಿ ಹಾಕಿದ ರಾಬರ್ಟ್ ಕರ್ನ್ಸ್ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಎಂಜಿನಿಯರಿಂಗ್ ಮೇಷ್ಟ್ರು. ಕಣ್ಣಿನ ರೆಪ್ಪೆ ಒಂದೇ ಸಮ ಬಡಿಯುವುದಿಲ್ಲ, ಬೇಕಾದಾಗ ಬಡಿಯುತ್ತದೆ, ವೈಪರ್ ಯಾಕೆ ಹಾಗಿರಬಾರದು ಅನ್ನುವುದು ಅವರ ಯೋಚನೆ. ಅವರ ಸರ್ಕ್ಯೂಟಿನಲ್ಲಿದ್ದದ್ದು ಟ್ರಾನ್ಸಿಸ್ಟರ್, ಕೆಪ್ಯಾಸಿಟರ್, ರೆಸಿಸ್ಟರ್. ಅಂಗಡಿಯಲ್ಲಿ ಸಿಗುವ ಭಾಗಗಳು ತಾನೆ, ಇದರಲ್ಲಿ ಹೊಸದೇನಿದೆ ಅಂತಲೇ ಕಾರು ಕಂಪನಿಗಳು ಕೋರ್ಟಿನಲ್ಲಿ ವಾದಿಸಿದವು. ಆ ವಾದ ನಿಲ್ಲಲಿಲ್ಲ. 1990ರಲ್ಲಿ ಫೋರ್ಡ್ 1.02 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಭಾಗಗಳು ಹಳೆಯವು, ಅವುಗಳಿಗೆ ಕೇಳಿದ ಪ್ರಶ್ನೆ ಹೊಸದು.

ಹಾಗಾದರೆ ಏನು ಮಾಡೋಣ? "ದುಡ್ಡೆಲ್ಲಿ, ವಿಂಡ್‌ಶೀಲ್ಡ್ ಎಲ್ಲಿಂದ ತರೋದು" ಅನ್ನಬೇಡಿ. ಗಾಜಿನ ಅಂಗಡಿಯಲ್ಲಿ ಒಂದು ತುಂಡು ಕಿಟಕಿ ಗಾಜು ಸಿಗುತ್ತದೆ. 45 ಡಿಗ್ರಿಗೆ ಕತ್ತರಿಸಿ ಪಾಲಿಶ್ ಮಾಡಿದ ಎರಡು ಅಕ್ರಿಲಿಕ್ ತುಂಡು, ನಡುವೆ ಗಾಳಿ ಉಳಿಯದ ಹಾಗೆ ಒಂದು ಹನಿ ಗ್ಲಿಸರಿನ್, ಒಂದು ಇನ್‌ಫ್ರಾರೆಡ್ ಎಲ್‌ಇಡಿ, ಒಂದು ಫೋಟೋಡಯೋಡ್. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಎಲ್‌ಇಡಿಯನ್ನು ಆನ್-ಆಫ್ ಮಾಡುತ್ತಾ ಎರಡು ಓದುಗಳ ವ್ಯತ್ಯಾಸ ತೆಗೆದುಕೊಳ್ಳಿ. ಸೆನ್ಸರ್ ನೋಡುವುದು ಗಾಜಿನ ಕೆಲವೇ ಚದರ ಸೆಂಟಿಮೀಟರ್, ಆದ್ದರಿಂದ ಒಂದೇ ಓದನ್ನು ನಂಬಬೇಡಿ. ಗಾಜಿನ ಹಿಂದೆ ಕನ್ನಡದ ಒಂದು ಅಚ್ಚಾದ ಪುಟ ಅಂಟಿಸಿ, ಮುಂದಿನಿಂದ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಒತ್ತಕ್ಷರ ಓದಲು ಆಗುತ್ತಿಲ್ಲ ಅನ್ನುವ ಹೊತ್ತಿಗೆ ಸೆನ್ಸರ್ ಏನು ಹೇಳುತ್ತಿತ್ತು? ಆ ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ. ಪ್ರಾಜೆಕ್ಟ್ ಇರುವುದು ಆ ಗ್ರಾಫಿನಲ್ಲಿ.

ಟೆಸ್ಟ್ ಕೇಸ್‌ಗಳನ್ನು ಕನ್ನಡದಲ್ಲೇ ಬರೆಯಿರಿ, ಇದು ಭಾಷಾಭಿಮಾನದ ಮಾತಲ್ಲ. ಬೋರ್ಡಿಗೆ ಗೊತ್ತಿರುವುದು ಹೈ, ಲೋ ಎರಡೇ. ನಮ್ಮ ಅಜ್ಜಿಯರಿಗೆ ತುಂತುರು ಬೇರೆ, ಸೋನೆ ಬೇರೆ, ಜಡಿಮಳೆ ಬೇರೆ, ಗಾಳಿಗೆ ಅಡ್ಡಡ್ಡ ರಾಚುವ ಮಳೆ ಬೇರೆ. ಹನಿಯ ಗಾತ್ರ, ಸಾಂದ್ರತೆ, ಎಷ್ಟು ಹೊತ್ತು ಬೀಳುತ್ತದೆ, ಯಾವ ಕೋನದಲ್ಲಿ ಅನ್ನುವ ವರ್ಗೀಕರಣ ಈ ಪದಗಳಲ್ಲಿ ಆಗಲೇ ಆಗಿದೆ. ಇವುಗಳ ಜೊತೆಗೆ ಇಬ್ಬನಿ, ಲಾರಿ ಎರಚಿದ ಕೆಸರು, ಬೇಸಿಗೆಯ ಕೆಂಧೂಳಿನ ಮೇಲೆ ಬೀಳುವ ಮೊದಲ ನಾಲ್ಕು ಹನಿ. ಈ ಕೊನೆಯದರಲ್ಲಿ ಒರೆಸಿದರೆ ಗಾಜು ಇನ್ನಷ್ಟು ರಾಡಿಯಾಗುತ್ತದೆ, ಗೀರೂ ಬೀಳಬಹುದು. ಮೊದಲು ವಾಷರ್ ನೀರು ಚಿಮ್ಮಬೇಕು. ನಿಮ್ಮ ಸಿಸ್ಟಮ್‌ಗೆ ಅದು ತಿಳಿಯುತ್ತದಾ?

"ಮಿನಿ ಪ್ರಾಜೆಕ್ಟಿಗೆ ಇಷ್ಟೆಲ್ಲ ಯಾರು ಮಾಡ್ತಾರೆ, ಟೈಮ್ ಎಲ್ಲಿದೆ" ಅನ್ನುವ ಮಾತು ನ್ಯಾಯವೇ. ಎರಡು ಇಂಟರ್ನಲ್ಸ್ ನಡುವೆ ಸಿಗುವುದು ಕೆಲವೇ ವಾರ. ಹಾಗಾಗಿ ಒಂದೇ ತಂಡ ಎಲ್ಲ ಮಾಡಬೇಕಿಲ್ಲ. ಒಂದು ಬ್ಯಾಚು ಸೆನ್ಸರ್ ಮಾಡಲಿ, ಎಲ್ಲಿ ಸೋತೆವು ಅನ್ನುವ ಪಟ್ಟಿಯನ್ನು ಕೋಡ್, ಡೇಟಾ ಸಮೇತ ಡಿಪಾರ್ಟ್‌ಮೆಂಟಿಗೆ ಕೊಟ್ಟು ಹೋಗಲಿ. ಮುಂದಿನ ಬ್ಯಾಚು ಆ ಪಟ್ಟಿಯ ಮೊದಲ ಸಾಲಿನಿಂದ ಶುರು ಮಾಡಲಿ. ಈಗ ಸೀನಿಯರ್‌ಗಳಿಂದ ನಮಗೆ ಬರುವುದು ರಿಪೋರ್ಟಿನ ವರ್ಡ್ ಫೈಲ್ ಮಾತ್ರ. ಅದನ್ನು ಕಾಪಿ ಅನ್ನುತ್ತಾರೆ. ಸೋಲಿನ ಪಟ್ಟಿ ಬಂದರೆ ಅದನ್ನು ರಿಸರ್ಚ್ ಅನ್ನಬಹುದು.

ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಇದೇ ಟೈಟಲ್ ಮತ್ತೆ ಬಂದರೆ ರಿಜೆಕ್ಟ್ ಮಾಡಬೇಡಿ. "ಇನೋವೇಷನ್ ಏನು?" ಅನ್ನುವ ಬದಲು "ಏನನ್ನು ಅಳೆದಿರಿ?" ಅಂತ ಕೇಳಿ. ಆ ಒಂದು ಪ್ರಶ್ನೆ ಗ್ಯಾರಂಟಿ ಬರುತ್ತದೆ ಅಂತ ಗೊತ್ತಾದರೆ ಐಸ್‌ಕ್ರೀಮ್ ಕಡ್ಡಿ ಆಡಿಸಿ ಮಾರ್ಕ್ಸ್ ತಗೊಳ್ಳುವ ಧೈರ್ಯ ಯಾರಿಗೂ ಇರುವುದಿಲ್ಲ. ಗೆಳೆಯರೇ, ನಿಮಗೆ ಹೇಳುವುದು ಇಷ್ಟೇ. ಜೂನ್ ಬಂದರೆ ಟೆಸ್ಟಿಂಗ್ ಲ್ಯಾಬ್ ತಾನಾಗಿ ಹಾಸ್ಟೆಲ್ ಕಿಟಕಿಯ ಆಚೆ ಶುರುವಾಗುತ್ತದೆ, ಸ್ಲಾಟ್ ಬುಕ್ ಮಾಡುವುದೂ ಬೇಡ. ನಲ್ಲಿ ನೀರು ಬಿಟ್ಟು, ಗಾಜಿನ ತುಂಡು ಹಿಡಿದುಕೊಂಡು ಹೊರಗೆ ಬನ್ನಿ.